ಮೋಕ್ಷವೆಂಬ ನುಡಿ, ರಕ್ಷಣೆಯೆಂಬ ನುಡಿ: ಕೊಳ್ಳೇಗಾಲ ಸೀಮೆಯಲ್ಲಿ ಕ್ರೈಸ್ತರ ಉದ್ಧಾರತತ್ತ್ವ

ಕೊಳ್ಳೇಗಾಲದಿಂದ ಹನೂರಿಗೆ ಹೊರಟವರಿಗೆ ಮೊದಮೊದಲು ಎದುರಾಗುವ ಊರುಗಳಲ್ಲಿ ಮಧುವನಹಳ್ಳಿ ಒಂದು. ಮಲೆಯ ಮಹದೇಶ್ವರನ ಪರಿಷೆಗೆ ನಡೆದು ಹೋಗುವ ಭಕ್ತರು ಹಾಯುವುದು ಈ ದಾರಿಯನ್ನೇ. ಇದೇ ದಾರಿಯಲ್ಲಿ ಮುಂದೆ ಕಾಮಗೆರೆಯಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಹೋಲಿ ಕ್ರಾಸ್ ಆಸ್ಪತ್ರೆಯಿದೆ. ಇನ್ನೂ ಮುಂದೆ, ಬೆಟ್ಟದ ಸೆರಗಿನ ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮನೆಮಾತಿನ ಕಥೋಲಿಕ ಒಕ್ಕಲುಗಳಿವೆ. ಕೊಳ್ಳೇಗಾಲ ತಾಲೂಕು 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ನೆನೆದರೆ ಈ ತಮಿಳಿನ ನಂಟು ಅಚ್ಚರಿಯದಲ್ಲ. ಈ ಪ್ರದೇಶದ ಸುತ್ತಳತೆಯೊಳಗೆ ಸತ್ತ ಮೇಲಿನ ಗತಿಯನ್ನು ಕುರಿತು ಎಷ್ಟು ಬಗೆಯ ಮಾತುಗಳು ನೆಲೆಗೊಂಡಿವೆಯೆಂಬುದು ಮಾತ್ರ ವಿಚಾರಾರ್ಹ. ಪಡುವಣಕ್ಕೆ ಚಾಮರಾಜನಗರದ ಬಳಿ ಪೂಜ್ಯಪಾದರ ಹೆಸರಿನೊಡನೆ ಬೆಸೆದುಕೊಂಡ ಕನಕಗಿರಿ. ಹತ್ತಿರದಲ್ಲೇ ಷಡಕ್ಷರದೇವನ ಯಳಂದೂರು. ಇತ್ತ ಸಿದ್ದಪ್ಪಾಜಿಯ ಚಿಕ್ಕಲ್ಲೂರು. ಇವುಗಳ ನಡುವೆ, ಒಬ್ಬ ಮನುಷ್ಯನು ಉದ್ಧಾರವಾಗುವುದು ಹೇಗೆಂಬ ಪ್ರಶ್ನೆಗೆ ಕ್ರೈಸ್ತರು ತಂದ ಉತ್ತರವು ಈ ನಾಡಿನ ಮಾತುಗಳನ್ನೇ ಉಟ್ಟು ನಿಲ್ಲಬೇಕಾಯಿತು.

ಆ ಉಡುಪು ಎಲ್ಲೆಡೆಯೂ ಒಪ್ಪಲಿಲ್ಲ. ತಮಿಳು ಕ್ರೈಸ್ತರ ರೂಢಿಯಲ್ಲಿ ‘ಮೋಕ್ಷ’ವೆಂದರೆ ಸ್ವರ್ಗ. ಬನ್ಯನನ ಯಾತ್ರಿಕನ ಕಥೆಯು ತಮಿಳಿನಲ್ಲಿ ‘ಮೋಟ್ಚಪ್ ಪಿರಯಾಣಂ’, ಅಂದರೆ ಮೋಕ್ಷಪ್ರಯಾಣ, ಎಂದೇ ಪ್ರಸಿದ್ಧ. ಜೈನನ ಕಿವಿಗೆ ಇದು ವಿಪರ್ಯಾಸದಂತೆ ಕೇಳಿಸುತ್ತದೆ. ಸ್ವರ್ಗವು ನಾಲ್ಕು ಗತಿಗಳಲ್ಲಿ ಒಂದು. ಪುಣ್ಯ ತೀರಿದೊಡನೆ ಇಳಿಯಬೇಕಾದ ತಾಣ. ಮೋಕ್ಷವಾದರೋ ಗತಿಗಳೆಲ್ಲವನ್ನೂ ಮೀರಿದ್ದು. ಇವೆರಡನ್ನೂ ಒಂದೇ ಪದದಲ್ಲಿ ಸೇರಿಸುವುದು ನಮ್ಮ ಪರಿಭಾಷೆಯಲ್ಲಿ ಸಾಧ್ಯವೇ ಇಲ್ಲ. ಕನ್ನಡದ ಪ್ರೊಟೆಸ್ಟೆಂಟರು ಈ ತೊಡಕನ್ನು ಕಂಡೋ ಕಾಣದೆಯೋ ಬೇರೆ ದಾರಿ ಹಿಡಿದರು. ಅವರ ಬೈಬಲ್ಲಿನ ಮುಖ್ಯ ಪದ ‘ರಕ್ಷಣೆ’, ಯೇಸುವು ‘ರಕ್ಷಕ’. ಗ್ರೀಕಿನ ಮೂಲಪದಕ್ಕೆ ಅಪಾಯದಿಂದ ಪಾರುಗಾಣಿಸುವುದು, ರೋಗದಿಂದ ಗುಣಪಡಿಸುವುದು ಎಂಬ ಎರಡು ಅರ್ಥಗಳೂ ಉಂಟಾದ್ದರಿಂದ ಈ ಆಯ್ಕೆ ಸಮರ್ಪಕವೇ. ‘ಮೋಕ್ಷ’ ಎನ್ನುವಾಗ ಬಿಡುಗಡೆ ಹೊಂದುವ ಜೀವನೊಬ್ಬನಿದ್ದರೆ ಸಾಕು. ‘ರಕ್ಷಣೆ’ ಎಂದೊಡನೆ ಇಬ್ಬರು ಬೇಕು: ಮುಳುಗುತ್ತಿರುವವನೊಬ್ಬ, ಕೈ ನೀಡುವವನೊಬ್ಬ. ಕ್ರೈಸ್ತ ತತ್ತ್ವದ ಮರ್ಮವೆಲ್ಲ ಆ ಎರಡನೆಯವನಲ್ಲಿ ಇದೆ.

ಆ ತತ್ತ್ವವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮನುಷ್ಯನು ದೇವರಿಂದ ದೂರವಾಗಿದ್ದಾನೆ. ಆ ದೂರಕ್ಕೆ ಪಾಪವೆಂದು ಹೆಸರು. ಅದು ಒಂದೊಂದಾಗಿ ಎಣಿಸಬಹುದಾದ ದುಷ್ಕೃತ್ಯಗಳ ಮೊತ್ತವಷ್ಟೇ ಅಲ್ಲ, ಹುಟ್ಟಿನಿಂದಲೇ ಅಂಟಿದ ಬಾಗು. ತನ್ನ ಪ್ರಯತ್ನದಿಂದ ಅದನ್ನು ನೇರ್ಪಡಿಸಿಕೊಳ್ಳಲು ಅವನಿಗೆ ಶಕ್ತಿಯಿಲ್ಲ. ದೇವರು ತಾನೇ ಮನುಷ್ಯನಾಗಿ, ಶಿಲುಬೆಯಲ್ಲಿ ಸತ್ತು, ಮತ್ತೆ ಎದ್ದು, ಆ ದೂರವನ್ನು ತುಂಬಿದನು. ಇದು ದೇವರ ಕೃಪೆ, ಗಳಿಸಿದ್ದಲ್ಲ, ಕೊಟ್ಟದ್ದು. ಅದನ್ನು ನಂಬಿಕೆಯಿಂದ ಅಂಗೀಕರಿಸುವವನು ಉದ್ಧಾರವಾಗುತ್ತಾನೆ. ಇಷ್ಟರವರೆಗೆ ಕ್ರೈಸ್ತರಲ್ಲಿ ಹೆಚ್ಚಿನ ಭೇದವಿಲ್ಲ. ಅಂಗೀಕರಿಸುವ ಮನಸ್ಸಾದರೂ ಯಾರದು, ಮನುಷ್ಯನದೋ, ದೇವರು ಒಳಗಿನಿಂದ ಎಬ್ಬಿಸಿದ್ದೋ ಎಂಬಲ್ಲಿಂದ ಜಗಳ ಮೊದಲಾಗುತ್ತದೆ. ಮನುಷ್ಯನು ತನ್ನ ಸಂಕಲ್ಪದಿಂದಲೇ ಧರ್ಮವನ್ನು ಪಾಲಿಸಬಲ್ಲನೆಂದ ಪೆಲಾಜಿಯಸನ ಮತವನ್ನು 418ರ ಕಾರ್ಥೇಜಿನ ಸಭೆ ತಿರಸ್ಕರಿಸಿತು. ಅದರ ಹಿಂದಿದ್ದವನು ಆಗಸ್ಟೀನ್. ಸಾವಿರ ವರ್ಷಗಳಾಚೆ ಲೂಥರನು ನಂಬಿಕೆಯೊಂದೇ ಸಾಕೆಂದಾಗ, 1547ರಲ್ಲಿ ಟ್ರೆಂಟಿನ ಸಭೆಯು ಕೃಪೆಯೇ ಮೊದಲಾದರೂ ಮನುಷ್ಯನು ಅದರೊಡನೆ ಸಹಕರಿಸಬೇಕೆಂದೂ, ಸತ್ಕ್ರಿಯೆಯಿಂದ ಅದು ಬೆಳೆಯುವುದೆಂದೂ ಉತ್ತರಿಸಿತು. ಕನ್ನಡ ನಾಡಿಗೆ ಬಂದ ಪಾದ್ರಿಗಳು ಈ ಜಗಳವನ್ನು ಗಂಟುಮೂಟೆಯೊಂದಿಗೆ ತಂದರು.

ಹೀಗೆ ಬಂದವರಲ್ಲಿ ಯೇಸುಸಭೆಯವರು ಪ್ರಮುಖರು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯನ ಕಾಲಕ್ಕೆ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನನ್ನು ಸ್ಥಾಪಿಸಿದನು. ಕಾವಿಯುಟ್ಟು, ಮಾಂಸ ಮದ್ಯಗಳನ್ನು ತೊರೆದು, ಈ ನಾಡಿನ ಸಂನ್ಯಾಸಿಯಂತೆ ಬಾಳಿದನು. ಕನ್ನಡ ಕಲಿತು ಆ ಭಾಷೆಯಲ್ಲಿ ಧರ್ಮಬೋಧೆಯ ಪುಸ್ತಕಗಳನ್ನು ಬರೆದನು. ಈ ಕ್ರಮಕ್ಕೆ ಮಾದರಿ 1606ರಲ್ಲಿ ಮಧುರೆಗೆ ಬಂದ ರೊಬೆರ್ತೊ ದೆ ನೊಬಿಲಿ. ಮೈಸೂರು ಮಿಶನ್ನಿನ ಕೆಲಸ ಸತ್ಯಮಂಗಲದ ಕಡೆಗೂ ಹಬ್ಬಿತ್ತು. ಸತ್ಯಮಂಗಲದಿಂದ ದಿಂಬಂ ಘಟ್ಟ ಹತ್ತಿ ಹಾಸನೂರಿನ ಮೇಲೆ ಬಂದರೆ ಇಳಿಯುವುದು ಕೊಳ್ಳೇಗಾಲದ ಬಯಲಿಗೆ.

ಸಂನ್ಯಾಸಿಯ ವೇಷವನ್ನು ಬರಿಯ ಉಪಾಯವೆಂದು ತಳ್ಳಿಹಾಕುವವರುಂಟು. ಅದು ಅಷ್ಟಕ್ಕೇ ಮುಗಿಯುವ ಸಂಗತಿಯಲ್ಲ. ಅದರೊಳಗೆ ಉದ್ಧಾರತತ್ತ್ವದ ಪ್ರಶ್ನೆಯೊಂದು ಅಡಗಿತ್ತು. ಕ್ರಿಸ್ತನನ್ನು ನಂಬಿದವನು ಜನಿವಾರವನ್ನು ಕಿತ್ತೆಸೆಯಬೇಕೇ? ಗಂಧ, ಜುಟ್ಟು, ಸ್ನಾನಗಳನ್ನು ಬಿಡಬೇಕೇ? ಇವು ಲೋಕಾಚಾರಗಳೇ ಆಗಿದ್ದರೆ ಇವುಗಳಿಂದ ಆತ್ಮಕ್ಕೆ ಹಾನಿಯಿಲ್ಲ. ಮತಾಚಾರಗಳಾಗಿದ್ದರೆ ಇಟ್ಟುಕೊಂಡವನಿಗೆ ಉದ್ಧಾರವಿಲ್ಲ. ನೊಬಿಲಿ ಮೊದಲ ಪಕ್ಷವನ್ನು ವಾದಿಸಿ 1623ರಲ್ಲಿ ಪೋಪರಿಂದ ಅನುಮತಿ ಪಡೆದನು. 1704ರಲ್ಲಿ ಪುದುಚೇರಿಯಿಂದ ಹೊರಟ ಆಜ್ಞೆಯೊಂದು ಇಂಥ ಆಚಾರಗಳಲ್ಲಿ ಹಲವನ್ನು ನಿಷೇಧಿಸಿತು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪ್ ವಿವಾದವನ್ನು ನಿಷೇಧದ ಪರವಾಗಿ ಮುಗಿಸಿದನು. ಜಾತಿಯ ಕಟ್ಟನ್ನು ಒಡೆಯದೆ ಬಿಟ್ಟದ್ದು ನೊಬಿಲಿಯ ಮಾರ್ಗದ ದೊಡ್ಡ ಕೊರತೆ. ಕೃಪೆ ಎಲ್ಲರಿಗೂ ಒಂದೇ ಎನ್ನುವ ಮತದಲ್ಲಿ ಬೋಧಕರೇ ಎರಡು ಪಂಗಡವಾಗಿ, ಮೇಲ್ಜಾತಿಯವರಿಗೊಬ್ಬ, ಕೆಳಜಾತಿಯವರಿಗೊಬ್ಬ ಎಂದಾದದ್ದನ್ನು ಯಾವ ತರ್ಕವೂ ಸಮರ್ಥಿಸದು.

ಯೇಸುಸಭೆ 1773ರಲ್ಲಿ ರದ್ದಾದ ಮೇಲೆ ಅದರ ಕೆಲಸ ಪ್ಯಾರಿಸಿನ ಹೊರನಾಡ ಮಿಶನ್ನಿನ ಪಾಲಿಗೆ ಬಂತು. ಆ ಸಂಸ್ಥೆಯಿಂದ 1792ರಲ್ಲಿ ಬಂದವನು ಅಬ್ಬೆ ದುಬುವಾ. ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಇವನ ಗ್ರಂಥವನ್ನು ಎಲ್ಲರೂ ಬಲ್ಲರು. ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹಕ್ಕೆ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗ ಕೂರ್ದು ಎಂಬ ಹಿಂದಿನ ಪಾದ್ರಿಯ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟಳು. ಜೈನರನ್ನು ಕುರಿತ ಅನುಬಂಧವೊಂದು ಅದರಲ್ಲಿರುವುದರಿಂದ ನಮ್ಮವರೂ ಆಗಾಗ್ಗೆ ಅದನ್ನು ತಿರುವಿಹಾಕುವುದುಂಟು. ಆದರೆ ಇಲ್ಲಿ ಬೇಕಾದ ಪುಸ್ತಕ ಅದಲ್ಲ. 1823ರಲ್ಲಿ, ಅವನು ಭಾರತವನ್ನು ಬಿಟ್ಟ ವರ್ಷವೇ, ಲಂಡನ್ನಿನಲ್ಲಿ ಅಚ್ಚಾದ ಅವನ ‘ಪತ್ರಗಳು’ ಇಲ್ಲಿಗೆ ಹೆಚ್ಚು ಪ್ರಸ್ತುತ.

ಆ ಪತ್ರಗಳಲ್ಲಿ ಹೃದಯವನ್ನು ಕಲಕುವ ಪ್ರಸಂಗವೊಂದಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ತಂದನು. ಅನೇಕರಿಗೆ ಬಲವಂತದ ಸುನ್ನತಿಯಾಯಿತು. ಸೆರೆಯಾದವರು ಅರವತ್ತು ಸಾವಿರವೆಂದು ದುಬುವಾ ಬರೆದಿರುವ ಸಂಖ್ಯೆ ಚರ್ಚೆಗೆ ಒಳಪಟ್ಟದ್ದು. ಅವರಲ್ಲಿ ಒಬ್ಬನೂ ಎದ್ದುನಿಂತು ತನ್ನ ಮತವನ್ನು ಸಾರಿ ಪ್ರಾಣ ಕೊಡಲಿಲ್ಲವೆಂದು ಅವನು ನೊಂದು ಹೇಳುತ್ತಾನೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇವರು ಪಾದ್ರಿಗಳ ಬಳಿಗೆ ಮರಳಿದರು. ಹೊರಗೆ ಮತ ಬಿಟ್ಟಂತೆ ತೋರಿದರೂ ಒಳಗೆ ನಂಬಿಕೆಯನ್ನು ಕಾಪಾಡಿಕೊಂಡಿದ್ದೆವೆಂದು ಬೇಡಿಕೊಂಡರು. ತನ್ನ ಬಳಿಗೆ ಬಂದವರು ಸುಮಾರು ಎರಡು ಸಾವಿರ, ಮಂಗಳೂರು ಸೀಮೆಗೆ ಹಿಂದಿರುಗಿದವರು ಹತ್ತಿರಹತ್ತಿರ ಇಪ್ಪತ್ತು ಸಾವಿರ ಎಂಬುದು ಅವನ ಲೆಕ್ಕ.

ಶಾಸ್ತ್ರದ ಮುಂದೆ ಈಗ ನಿಂತ ಪ್ರಶ್ನೆ ಲಘುವಾದದ್ದಲ್ಲ. ನಂಬಿಕೆಯಿಂದಲೇ ಉದ್ಧಾರವೆಂದ ಮೇಲೆ, ಕತ್ತಿಯ ಕೆಳಗೆ ನಾಲಿಗೆ ಒಂದನ್ನು ನುಡಿದು ಮನಸ್ಸು ಇನ್ನೊಂದನ್ನು ಹಿಡಿದಿದ್ದರೆ ಆ ನಂಬಿಕೆ ಉಳಿಯಿತೋ, ಅಳಿಯಿತೋ? ಇದು ಚರ್ಚಿನ ಇತಿಹಾಸಕ್ಕೆ ಹೊಸದಲ್ಲ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸನ ಹಿಂಸೆಗೆ ಅಂಜಿ ಅಸಂಖ್ಯ ಕ್ರೈಸ್ತರು ದೇವತೆಗಳಿಗೆ ಧೂಪ ಹಾಕಿದ್ದರು. ಅವರನ್ನು ಎಂದಿಗೂ ಮರಳಿ ಸೇರಿಸಬಾರದೆಂದು ನೊವೇಷಿಯನ್ ಹಟ ಹಿಡಿದನು. ತಪಸ್ಸು ಮಾಡಿಸಿ ಸೇರಿಸಬೇಕೆಂದು 251ರಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನನ ಮುಂದಾಳುತನದಲ್ಲಿ ತೀರ್ಮಾನವಾಯಿತು. ಚರ್ಚಿನ ಹೊರಗೆ ಉದ್ಧಾರವಿಲ್ಲವೆಂಬ ಕಠೋರವೆನಿಸುವ ಸೂತ್ರ ಹುಟ್ಟಿದ್ದು ಇದೇ ಸಿಪ್ರಿಯನನಿಂದ. ಆ ಸೂತ್ರದ ಇನ್ನೊಂದು ಮುಖವನ್ನು ಟೀಕಾಕಾರರು ಮರೆಯುತ್ತಾರೆ: ಹೊರಗೆ ಉದ್ಧಾರವಿಲ್ಲವಾದರೆ ಜಾರಿದವನಿಗೆ ಒಳಬಾಗಿಲನ್ನು ಮುಚ್ಚುವಂತಿಲ್ಲ. ಶ್ರೀರಂಗಪಟ್ಟಣದಲ್ಲಿ ಬಾಗಿಲು ತೆರೆಯಿತು. ಜೈನ ಓದುಗನಿಗೆ ಇಲ್ಲಿ ಸಮ್ಯಕ್ತ್ವದ ಎಂಟು ಅಂಗಗಳಲ್ಲೊಂದಾದ ಸ್ಥಿತಿಕರಣ ನೆನಪಾಗದಿರದು. ವ್ರತದಿಂದ ಜಾರುತ್ತಿದ್ದ ಪುಷ್ಪಡಾಳನನ್ನು ವಾರಿಷೇಣ ಮುನಿ ಮತ್ತೆ ನೆಲೆಗೊಳಿಸಿದ ಕಥೆ ಅದಕ್ಕೆ ದೃಷ್ಟಾಂತ. ಜಾರಿದ ಸಾಧುವಿಗೆ ಆಲೋಚನೆಯಿಂದ ಹಿಡಿದು ಉಪಸ್ಥಾಪನೆಯವರೆಗೆ ಒಂಬತ್ತು ಬಗೆಯ ಪ್ರಾಯಶ್ಚಿತ್ತವನ್ನು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಗುರುವಿನ ಮುಂದೆ ದೋಷವನ್ನು ಮುಚ್ಚಿಡದೆ ಹೇಳಬೇಕೆಂಬ ನಿಯಮ ಕಥೋಲಿಕರ ಪಾಪನಿವೇದನೆಗೆ ಬಹಳ ಸಮೀಪ. ಆದರೆ ನಮ್ಮಲ್ಲಿ ಗುರುವು ಕ್ಷಮಿಸುವುದಿಲ್ಲ. ಕರ್ಮವನ್ನು ಉದುರಿಸುವುದು ಶಿಷ್ಯನ ತಪಸ್ಸೇ. ಅವರಲ್ಲಿ ಕ್ರಿಸ್ತನ ಹೆಸರಿನಲ್ಲಿ ಪಾದ್ರಿಯು ಕ್ಷಮೆಯನ್ನು ಉಚ್ಚರಿಸುತ್ತಾನೆ.

ದುಬುವಾ ಕೊನೆಗೆ ಮುಟ್ಟಿದ ನಿರ್ಣಯ ಇದಕ್ಕಿಂತ ಕತ್ತಲೆಯದು. ಇಪ್ಪತ್ತೈದು ವರ್ಷ ದುಡಿದು ತಾನು ಮತಾಂತರಿಸಿದವರು ಇನ್ನೂರು ಮುನ್ನೂರು ಜನ. ಅವರಲ್ಲಿಯೂ ಮೂರರಲ್ಲೆರಡು ಪಾಲು ದಿಕ್ಕಿಲ್ಲದವರು, ಉಳಿದವರೂ ಮದುವೆಯ ಸಂಬಂಧಕ್ಕೋ ಮತ್ತಾವ ಲಾಭಕ್ಕೋ ಬಂದವರು ಎಂದು ಅವನು ಒಪ್ಪಿಕೊಂಡನು. ದಿಕ್ಕಿಲ್ಲದವರು ಬಂದುದರಲ್ಲಿ ಕುಂದೇನೆಂದು ಅವನ ಸುವಾರ್ತೆಯನ್ನೇ ತೆರೆದು ಕೇಳಬಹುದಿತ್ತು. ಅದು ಬೇರೆ ಮಾತು. ಹಿಂದೂಗಳು ಪರಿವರ್ತನೆಯಾಗುವ ಕಾಲ ಕಳೆದುಹೋಯಿತು. ದೇವರ ಕರೆಗೆ ಬಹುಕಾಲ ಕಿವಿಗೊಡದೆ ಈ ಜನ ಕೃಪೆಯಿಂದ ಹೊರದೂಡಲ್ಪಟ್ಟಿರಬೇಕು ಎಂಬುದು ಅವನ ಅಭಿಪ್ರಾಯ. ದೇಶಭಾಷೆಗಳಿಗೆ ಬೈಬಲ್ಲನ್ನು ತರುವುದರಿಂದ ಕೆಡುಕೇ ಹೆಚ್ಚೆಂದೂ ವಾದಿಸಿದನು. ಮರುವರ್ಷವೇ ಜೇಮ್ಸ್ ಹಫ್ ಎಂಬ ಆಂಗ್ಲ ಪಾದ್ರಿ ಖಂಡನಗ್ರಂಥ ಬರೆದನು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಚುಚ್ಚುಮದ್ದು ಹಾಕಿಸಿ, ಹಾಸನದ ಬಳಿಯ ಹಳ್ಳಿಗಳ ರೈತರಿಗೆ ನೆಲೆ ಕಲ್ಪಿಸಿ, ಜನರಿಂದ ದೊಡ್ಡ ಸ್ವಾಮಿಯೆನಿಸಿಕೊಂಡವನು ಇವನೇ. ಅದೇ ಜನದ ಆತ್ಮಗಳ ವಿಷಯದಲ್ಲಿ ಆಸೆ ಕಡಿದುಕೊಂಡು ಹಡಗು ಹತ್ತಿದನು.

ಈ ನಿರಾಶೆಯನ್ನು ಹೊರಗಿನವರ ಅಹಂಕಾರವೆಂದು ಕಡೆಗಣಿಸುವ ಮುನ್ನ ನಮ್ಮ ಶಾಸ್ತ್ರದ ಭವ್ಯ ಅಭವ್ಯ ವಿಭಾಗವನ್ನು ನೆನೆಯಬೇಕು. ಜೀವರಾಶಿಯಲ್ಲಿ ಎಂದಿಗೂ ಸಮ್ಯಗ್ದರ್ಶನವಾಗದ, ಅನಂತಕಾಲವೂ ಸಂಸಾರದಲ್ಲೇ ಸುತ್ತುವ ಅಭವ್ಯರಿದ್ದಾರೆಂದು ಜೈನಾಗಮವೂ ಹೇಳುತ್ತದೆ. ಹುರಿದ ಹೆಸರುಕಾಳಿನಂತೆ ಮೊಳೆಯಲಾರದವರಲ್ಲ ಅವರು. ಬೇಯಿಸಿದರೂ ಬೇಯದ ಗೊಡ್ಡುಕಾಳಿನಂಥವರು. ಇದು ಯಾವ ದೇವರ ಆಯ್ಕೆಯೂ ಅಲ್ಲ, ಜೀವದ ಪಾರಿಣಾಮಿಕ ಭಾವ. ಯಾರು ಭವ್ಯ, ಯಾರು ಅಭವ್ಯ ಎಂಬುದು ಕೇವಲಿಗೆ ಮಾತ್ರ ಗೋಚರವೆಂಬುದು ಇಲ್ಲಿ ಮುಖ್ಯ. ದುಬುವಾನ ದೋಷ ಇಲ್ಲಿಯೇ ಇದೆ: ಕಾಣಲಾರದ್ದನ್ನು ಕಂಡವನಂತೆ ಒಂದು ಜನಸಮೂಹಕ್ಕೆ ಇಡಿಯಾಗಿ ಹಣೆಬರಹ ಬರೆದದ್ದು. ಆಗಸ್ಟೀನನಾದರೂ ಇಂಥ ವರ್ಗವಾರು ತೀರ್ಪನ್ನು ಕೊಡುತ್ತಿರಲಿಲ್ಲ.

ಪ್ರೊಟೆಸ್ಟೆಂಟರು ಈ ಹೊತ್ತಿಗೆ ಕನ್ನಡಕ್ಕೆ ಕೈಹಾಕಿದ್ದರು. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಕನ್ನಡ ಬೈಬಲ್ ಪೂರ್ಣಗೊಂಡಿತು. ವೆಸ್ಲಿಯನರು ಬೆಂಗಳೂರು ಮೈಸೂರುಗಳಲ್ಲಿ, ಬಾಸೆಲ್ ಮಿಶನ್ನಿನವರು 1834ರಿಂದ ಮಂಗಳೂರಿನಲ್ಲಿ ನೆಲೆನಿಂತರು. ಕೃಪೆಯು ಎಲ್ಲರೆಡೆಗೂ ಮುಂಚಿತವಾಗಿಯೇ ಬಂದಿರುತ್ತದೆ, ಅದನ್ನು ತಳ್ಳುವ ಸ್ವಾತಂತ್ರ್ಯ ಮನುಷ್ಯನಿಗಿದೆ ಎಂಬ ಜಾನ್ ವೆಸ್ಲಿಯ ಬೋಧೆಗೆ ದುಬುವಾನ ಕತ್ತಲು ಒಪ್ಪಲಾರದು. ಪದಗಳೂ ಇಬ್ಭಾಗವಾದವು. ಕಥೋಲಿಕರು ‘ವಿಶ್ವಾಸ’, ‘ವರಪ್ರಸಾದ’, ‘ಜ್ಞಾನಸ್ನಾನ’ ಎಂದರೆ ಪ್ರೊಟೆಸ್ಟೆಂಟರು ‘ನಂಬಿಕೆ’, ‘ಕೃಪೆ’, ‘ದೀಕ್ಷಾಸ್ನಾನ’ ಎಂದರು. ವರಪ್ರಸಾದವೆಂಬ ಪದ ಯಳಂದೂರಿನ ವೀರಶೈವನಿಗೆ ಕೂಡಲೇ ತಿಳಿಯುವಂಥದು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಲ್ಲವೇ. ‘ದೀಕ್ಷೆ’ಯೋ ಜೈನನಿಗೂ ವೀರಶೈವನಿಗೂ ಮನೆಯ ಮಾತು.

ಪದಗಳಿಂದ ದಾಟಲಾಗದ ಒಂದು ಕಂದಕ ಮಾತ್ರ ಉಳಿಯಿತು: ಬಲಿ. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರ ಮಹಾಕೋಶದಿಂದ ಕನ್ನಡವನ್ನೇ ಋಣಿಯಾಗಿಸಿದ ಕಿಟ್ಟೆಲ್ ವೈದಿಕ ಯಜ್ಞದ ವಿಷಯದಲ್ಲಿ ಕಿರುಹೊತ್ತಗೆಯೊಂದನ್ನು ಬರೆದನು. ಯಜ್ಞದಿಂದ ಕ್ರಿಸ್ತನ ಬಲಿದಾನದತ್ತ ಓದುಗನನ್ನು ಕರೆದೊಯ್ಯುವ ಹಾದಿ ವೈದಿಕನಿಗೆ ಹಿಡಿಸಬಹುದಾದದ್ದು. ಜೈನನೆದುರು ಆ ಹಾದಿ ಮುಚ್ಚಿದೆ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಮಾತ್ರದಿಂದ ಯಶೋಧರನೂ ಅವನ ತಾಯಿಯೂ ಎಷ್ಟು ಜನ್ಮ ತೊಳಲಿದರೆಂಬುದನ್ನು 1209ರಲ್ಲಿ ಜನ್ನನು ಹೇಳಿಬಿಟ್ಟಿದ್ದಾನೆ. ರಕ್ತದಿಂದ ಪಾಪ ತೊಳೆಯುತ್ತದೆಂಬ ಮಾತು ಆ ಕಾವ್ಯವನ್ನು ಓದಿದವನ ಕಿವಿಯಲ್ಲಿ ನಿಲ್ಲದು. ಆದರೂ ನ್ಯಾಯವಾಗಿ ಹೇಳಬೇಕಾದ ಒಂದಂಶವಿದೆ. ಶಿಲುಬೆಯಲ್ಲಿ ಬಲಿಯಾದವನು ಪರರನ್ನು ಕೊಡದೆ ತನ್ನನ್ನೇ ಕೊಟ್ಟವನು. ಅದರಿಂದ ಮುಂದೆ ಪ್ರಾಣಿಬಲಿ ಬೇಕಿಲ್ಲವೆಂದೇ ಕ್ರೈಸ್ತರು ಸಾಧಿಸಿದರು. ಉಪಸರ್ಗವನ್ನು ಸಹಿಸಿ, ಹೊಡೆದವರ ಮೇಲೆ ದ್ವೇಷವಿಡದ ಮುನಿಯ ಚಿತ್ರವಾಗಿ ನೋಡಿದರೆ ಜೈನನೂ ಅಲ್ಲಿ ತಲೆಬಾಗಬಲ್ಲ. ಆ ಮುನಿಯ ಕ್ಷಮೆಯಿಂದ ನನ್ನ ಕರ್ಮ ಹೇಗೆ ಕಳೆಯಿತೆಂದು ಕೇಳುವಲ್ಲಿ ಅವನು ನಿಂತುಬಿಡುತ್ತಾನೆ.

ಎರಡು ಕಳ್ಳರ ಕಥೆಗಳನ್ನು ಅಕ್ಕಪಕ್ಕ ಇಟ್ಟರೆ ಸಾಮ್ಯವೂ ಭೇದವೂ ಒಟ್ಟಿಗೆ ಹೊಳೆಯುತ್ತವೆ. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕದ ಶಿಲುಬೆಗೇರಿದ ಕಳ್ಳನೊಬ್ಬನು, ಜೀವಮಾನದಲ್ಲಿ ಒಳಿತೊಂದನ್ನೂ ಮಾಡಿದ ದಾಖಲೆಯಿಲ್ಲದವನು, ತನ್ನನ್ನು ನೆನೆಯಬೇಕೆಂದು ಬೇಡುತ್ತಾನೆ. ಅಂದೇ ಪರದೈಸಿನ ಭಾಷೆ ದೊರೆಯುತ್ತದೆ. ಸಮಂತಭದ್ರರ ರತ್ನಕರಂಡಕವು ನಿಃಶಂಕಿತ ಅಂಗಕ್ಕೆ ಹೆಸರಿಸುವುದೂ ಒಬ್ಬ ಕಳ್ಳನನ್ನೇ, ಅಂಜನಚೋರನನ್ನು. ಕೆಳಗೆ ನೆಟ್ಟ ಆಯುಧಗಳು, ಮೇಲೆ ತೂಗುವ ಸಿಕ್ಕ. ಮಂತ್ರವನ್ನು ಬಲ್ಲವನು ಅಳುಕಿ ಹತ್ತಿ ಇಳಿಯುತ್ತಿದ್ದಾಗ, ಜಿನದತ್ತ ಶ್ರೇಷ್ಠಿಯ ಮಾತು ಸುಳ್ಳಾಗದೆಂಬ ಒಂದೇ ನೆಚ್ಚಿನಿಂದ ಅಂಜನನು ಹಗ್ಗಗಳನ್ನು ಒಮ್ಮೆಗೇ ಕತ್ತರಿಸುತ್ತಾನೆ, ವಿದ್ಯೆ ಸಿದ್ಧಿಸುತ್ತದೆ. ಶ್ರದ್ಧೆಯೇ ಮೊದಲು, ಹಿಂದಿನ ಬಾಳು ಅಡ್ಡಿಯಾಗದು ಎಂಬಲ್ಲಿಯವರೆಗೆ ಎರಡೂ ಒಂದೇ. ಅಲ್ಲಿಂದ ಮುಂದೆ ಅಂಜನನಿಗೆ ದೀಕ್ಷೆಯಿದೆ, ತಪಸ್ಸಿದೆ, ಕೈಲಾಸಗಿರಿಯಲ್ಲಿ ಕರ್ಮಕ್ಷಯವಿದೆ. ಶಿಲುಬೆಯ ಕಳ್ಳನಿಗೆ ಸಂಜೆಯವರೆಗೂ ಬಿಡುವಿಲ್ಲ. ಔಷಧವನ್ನು ನಂಬಿದಮಾತ್ರಕ್ಕೆ, ಅರಿತಮಾತ್ರಕ್ಕೆ ರೋಗ ಹೋಗದೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಾದಿಸುತ್ತಾರೆ. ಕ್ರೈಸ್ತನು ಅದನ್ನು ಅಲ್ಲಗಳೆಯುವುದಿಲ್ಲ. ವೈದ್ಯನೇ ಬಾಯಿಗೆ ಮದ್ದು ಹಾಕಿದನೆನ್ನುತ್ತಾನೆ.

ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಜಗಳಗಳು ಬಹುಮಟ್ಟಿಗೆ ತಣಿದವು. ಎರಡನೆಯ ವ್ಯಾಟಿಕನ್ ಸಭೆಯು 1964ರಲ್ಲಿ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರೂ ಮನಃಸಾಕ್ಷಿಯಂತೆ ಪ್ರಾಮಾಣಿಕವಾಗಿ ನಡೆದರೆ ಉದ್ಧಾರವಾಗಬಲ್ಲರೆಂದು ಸಾರಿತು. ದುಬುವಾನಿಗೆ ಅವನ ಚರ್ಚೇ ಕೊಟ್ಟ ಉತ್ತರವೆಂದು ಇದನ್ನು ಓದಬಹುದು. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಕೃಪೆಯಿಂದಲೇ, ನಂಬಿಕೆಯ ಮೂಲಕವೇ ಮನುಷ್ಯನು ನೀತಿವಂತನೆನಿಸುವನೆಂಬ ಒಪ್ಪಂದಕ್ಕೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರೂ ಸೇರಿಕೊಂಡರು.

ಸತ್ತವರಿಗಾಗಿ ಬದುಕಿರುವವರು ಏನಾದರೂ ಮಾಡಬಲ್ಲರೇ ಎಂಬುದು ಮಾತ್ರ ಈಗಲೂ ತೀರದ ವಾದ. ನವೆಂಬರ್ 2ರಂದು ಕಥೋಲಿಕರ ಊರುಗಳಲ್ಲಿ ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಶುದ್ಧಿಯಾಗುತ್ತಿರುವ ಆತ್ಮಗಳಿಗಾಗಿ ಪ್ರಾರ್ಥಿಸುತ್ತಾರೆ. ಒಬ್ಬರ ಪುಣ್ಯ ಇನ್ನೊಬ್ಬರಿಗೆ ಸಲ್ಲದೆಂದು ಜೈನನು ಹೇಳಿದರೆ, ಕ್ರಿಸ್ತನ ಪುಣ್ಯವೊಂದೇ ಸಾಕು, ಮತ್ತಾರದೂ ಬೇಡವೆಂದು ಪ್ರೊಟೆಸ್ಟೆಂಟನು ಹೇಳುತ್ತಾನೆ. ಕಾರಣ ಬೇರೆ, ಇಬ್ಬರೂ ಬತ್ತಿ ಹಚ್ಚುವುದಿಲ್ಲ. ಮಾರ್ಟಳ್ಳಿಯಂಥ ಊರಿನ ಒಕ್ಕಲಿಗನು ತನ್ನ ಹಿರಿಯರು ಮೋಟ್ಚಕ್ಕೆ ಸೇರಲೆಂದು ಅಂದು ಹಚ್ಚುತ್ತಾನೆ.